ಸ್ಟಿಯರಿಂಗ್ ನನ್ನದು, ಬ್ರೇಕು ಇವಳದು

ಮಾರ್ಚ್ 3, ಸೋಮವಾರ

ನೋವು: ಹತ್ತಕ್ಕೆ ಏಳು. ಮಂಡಿ ಮಡಚಿದ್ದು: ಮೂವತ್ತು ಡಿಗ್ರಿ.

ದಿನಾ ಈ ಎರಡು ಅಂಕಿ ಬರೆದಿಡಿ ಎಂದು ಫಿಸಿಯೋಥೆರಪಿಯವರು ಈ ನೋಟ್‌ಬುಕ್ ಕೊಟ್ಟು ಹೋದರು. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪ್ರಗತಿ ಪುಸ್ತಕ ಬರೆದವನು ನಾನು. ಎರಡು ಅಂಕಿಗೆಲ್ಲ ನನ್ನ ಪೆನ್ನು ನಿಲ್ಲುವುದಿಲ್ಲ.

ಆದದ್ದು ದಾಖಲಾಗಲಿ. ಎರಡು ವಾರದ ಹಿಂದೆ ಸ್ಕೂಲಿನ ಮೆಟ್ಟಿಲು ಇಳಿಯುತ್ತಿದ್ದೆ. ಅಂಗಳದಲ್ಲಿ ಕಲಿಯಲು ಬಂದವನೊಬ್ಬ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. "ಹೋಗೋ ದಿಕ್ಕಿಗೆ ಕಣ್ಣಿಡೋ!" ಎಂದು ಅವನ ಕಡೆ ತಿರುಗಿ ಕೂಗುತ್ತಾ ಕಾಲಿಟ್ಟ ಜಾಗದಲ್ಲಿ ಮೆಟ್ಟಿಲಿರಲಿಲ್ಲ. ಬಲಮಂಡಿಯ ಚಿಪ್ಪು ಎರಡು ಹೋಳು. ಅವನು ಮಾತ್ರ ಕಾರನ್ನು ಗೆರೆಯೊಳಗೆ ನೀಟಾಗಿ ನಿಲ್ಲಿಸಿದ್ದನಂತೆ. ಆಸ್ಪತ್ರೆಗೆ ಬಂದವರೆಲ್ಲ ಮೊದಲು ಹೇಳಿದ್ದೇ ಇದನ್ನು.

ಆಪರೇಷನ್ ಆಗಿದೆ. ಮೂರು ತಿಂಗಳು ಕಾರು ಮುಟ್ಟಕೂಡದು.

ಮಾರ್ಚ್ 6, ಗುರುವಾರ

ನೋವು ಆರು. ಮೂವತ್ತೈದು ಡಿಗ್ರಿ.

ಕಿಟಕಿಯ ಪಕ್ಕ ಕೂತಿದ್ದೇನೆ. ಎದುರು ರಸ್ತೆಯಲ್ಲಿ ಕಾರು ನಿಲ್ಲಿಸುವವರಿಗೆ ಇಲ್ಲಿಂದಲೇ ಹೇಳಿಕೊಡುತ್ತಿದ್ದೇನೆ. ಔಷಧಿ ಅಂಗಡಿಯವರು ಇವತ್ತು ಗಾಜು ಇಳಿಸಿ, "ನಾನು ಕಾರು ಇಟ್ಟು ಇಪ್ಪತ್ತು ವರ್ಷ ಆಯ್ತು ಸ್ವಾಮಿ" ಎಂದರು. ಇಪ್ಪತ್ತು ವರ್ಷದಿಂದ ತಪ್ಪಾಗಿ ನಿಲ್ಲಿಸುತ್ತಿದ್ದೀರಿ ಎಂದೆ. ಕಿಟಕಿ ಮುಚ್ಚಿದ್ದು ಅವರಲ್ಲ, ಇವಳು.

ಇವಳು, ಅಂದರೆ ನನ್ನ ಹೆಂಡತಿ, ಟೇಲರ್. ಮನೆಯ ಮುಂದಿನ ಕೋಣೆಯೇ ಇವಳ ಅಂಗಡಿ. ಶರ್ಟು, ಪ್ಯಾಂಟು, ಎರಡು ಶಾಲೆಯ ಯೂನಿಫಾರಂ. ದಿನವಿಡೀ ಮಿಷನ್ನಿನ ಗುರ್ ಗುರ್. ಸಂಜೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು: "ನಿಮ್ಮಪ್ಪನ ಕೈಗೆ ಏನಾದ್ರೂ ಕೊಡೇ. ಬಾಯಿ ಒಂದೇ ಕೆಲಸ ಮಾಡ್ತಾ ಇದೆ."

ಮಾರ್ಚ್ 8, ಶನಿವಾರ

ನೋವು ಆರು. ನಲವತ್ತು ಡಿಗ್ರಿ.

ಮಗಳು ಬಂದಿದ್ದಳು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಅವಳಿಗೆ. ಬಿಡುವಾದಾಗ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಾಳೆ. ದೊಡ್ಡ ಪೆಟ್ಟಿಗೆ ತಂದಿದ್ದಳು. ಒಳಗೆ ಕಾರಿನದೇ ಗಾತ್ರಕ್ಕೆ ಒಂದು ಬೆರಳು ಕಡಿಮೆ ಇರುವ ಸ್ಟಿಯರಿಂಗ್, ಮೂರು ಪೆಡಲ್, ಹಾವಿನಂಥ ವೈರುಗಳು. ಜೊತೆಗೆ ಅವಳ ಹಳೆಯ ಕಂಪ್ಯೂಟರ್.

"ಆಟದ ಸಾಮಾನು ಯಾಕಮ್ಮ ನನಗೆ? ನಿಜವಾದ ಕಾರು ಕಲಿಸೋನು ನಾನು."

"ಹಾಗಾದ್ರೆ ಸುಲಭ ಆಗುತ್ತೆ ಬಿಡಪ್ಪ."

ಅವಳ ಮುಖದಲ್ಲಿದ್ದ ನಗು ನನಗೆ ಹಿಡಿಸಲಿಲ್ಲ.

ಸ್ಟಿಯರಿಂಗನ್ನು ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯಬೇಕು. ಊಟದ ಮೇಜಿನ ಅಂಚು ದಪ್ಪ, ಹಿಡಿಯಲಿಲ್ಲ. ನನ್ನ ಓದುವ ಮೇಜಿನ ಹಲಗೆ ತೆಳು, ಬಿಗಿದರೆ ಕಿರ್ ಎಂದಿತು. ಇಡೀ ಮನೆಯಲ್ಲಿ ಅಳತೆಗೆ ಕೂತದ್ದು ಒಂದೇ ಮೇಜು: ಇವಳು ಬಟ್ಟೆ ಕತ್ತರಿಸುವ ಮೇಜು. ಇವಳು ಕತ್ತರಿ ಹಿಡಿದುಕೊಂಡೇ ಎರಡು ನಿಮಿಷ ಯೋಚಿಸಿದಳು. ಆಮೇಲೆ ಮೇಜಿನ ಮಧ್ಯೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, "ಈ ಗೆರೆ ದಾಟಿದ್ರೆ ವೈರ್ ಕತ್ತರಿಸ್ತೀನಿ" ಎಂದಳು.

ಮಾರ್ಚ್ 9, ಭಾನುವಾರ

ನೋವು ಆರು. ನಲವತ್ತು. ಸ್ಟಿಯರಿಂಗ್ ಒಂಬೈನೂರು ಡಿಗ್ರಿ ತಿರುಗುತ್ತದೆಯಂತೆ. ನನ್ನ ಮಂಡಿಗೆ ಅದರಲ್ಲಿ ಹತ್ತನೇ ಒಂದು ಪಾಲು ಬಂದರೆ ಸಾಕು.

ಸ್ವಿಚ್ ಹಾಕಿದ ಕೂಡಲೇ ಸ್ಟಿಯರಿಂಗ್ ತನ್ನಷ್ಟಕ್ಕೆ ತಾನೇ ಎಡಕ್ಕೆ ಪೂರ್ತಿ ತಿರುಗಲು ಹೊರಟಿತು. ಕಲಿಯುವವರು ಕೈಬಿಟ್ಟಾಗ ಸ್ಟಿಯರಿಂಗ್ ಹೀಗೆ ತಿರುಗಿದ್ದನ್ನು ಸಾವಿರ ಸಲ ನೋಡಿದ್ದೇನೆ. ಕೈ ತಾನಾಗಿ ಹೋಗಿ ಗಟ್ಟಿಯಾಗಿ ಹಿಡಿಯಿತು. ಅದು ಎಳೆಯಿತು, ನಾನೂ ಎಳೆದೆ. ಕೊನೆಗೆ ಅದೇ ಸೋತು ಸುಮ್ಮನಾಯಿತು.

ಆಟ ಶುರುವಾಯಿತು. ಗುಡ್ಡ ಸುತ್ತುವ ಹದಿನಾಲ್ಕು ತಿರುವಿನ ರಸ್ತೆ. ನನ್ನ ಕಾರು ಹುಲ್ಲಿಗೆ ಇಳಿಯಿತು. ಸರಿಮಾಡಿದೆ. ಮತ್ತೆ ಹುಲ್ಲಿಗೆ. ನೇರ ಹಿಡಿದರೂ ಎಡಕ್ಕೇ ಎಳೆಯುತ್ತದೆ. ಮಗಳಿಗೆ ಫೋನ್ ಮಾಡಿ ಅಲೈನ್‌ಮೆಂಟ್ ಹೋಗಿದೆ ಎಂದೆ.

"ಅಪ್ಪಾ, ಆನ್ ಮಾಡಿದಾಗ ಅದು ತನ್ನ ನಡುಮಧ್ಯ ಹುಡುಕ್ಕೊಳ್ಳುತ್ತೆ. ಆಗ ಮುಟ್ಟಿದ್ಯಾ?"

"ಇಲ್ಲ."

ಹಿಂದಿನಿಂದ ಇವಳು ಕೂಗಿದಳು: "ಕುಸ್ತಿ ಮಾಡಿದ್ರು!"

ಮತ್ತೆ ಆಫ್ ಮಾಡಿ ಆನ್ ಮಾಡಬೇಕಾಯಿತು. ಅದು ಆ ಕಡೆ ಈ ಕಡೆ ಪೂರ್ತಿ ತಿರುಗಿ ನಿಲ್ಲುವವರೆಗೆ ಇವಳು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ಅಕ್ಕರೆಗಲ್ಲ.

ಮಾರ್ಚ್ 11, ಮಂಗಳವಾರ

ನಾನು ಕೂರುವುದು ಚಕ್ರವಿರುವ ಆಫೀಸ್ ಕುರ್ಚಿ. ಎಡಗಾಲಿನಿಂದ ಬ್ರೇಕ್ ಒತ್ತಿದರೆ ಪರದೆಯ ಮೇಲಿನ ಕಾರು ನಿಲ್ಲುವುದಿಲ್ಲ, ನಾನು ಹಿಂದಕ್ಕೆ ಹೋಗುತ್ತೇನೆ. ಸ್ಟೂಲಿನ ಮೇಲೆ ಚಾಚಿಟ್ಟ ಬಲಗಾಲು ಅಲ್ಲೇ, ಕುರ್ಚಿ ಇಲ್ಲಿ. ಇವತ್ತು ಕಿರುಚಿದ್ದು ಕೇಳಿ ಯೂನಿಫಾರಂ ಅಳತೆ ಕೊಡಲು ಬಂದವರು ಹೆದರಿ ಹೊರಗೆ ನಿಂತರು.

ಮಗಳ ಉಪಾಯ: ಕುರ್ಚಿಯ ಐದು ಚಕ್ರಗಳನ್ನು ಐದು ಶೂಗಳೊಳಗೆ ಇಡಬೇಕು. ಇಟ್ಟಿದ್ದೇವೆ. ನನ್ನ ಎರಡು ಜೊತೆ, ಇವಳದು ಒಂಟಿ ಶೂ. ಕುರ್ಚಿ ಈಗ ಎಲ್ಲಿಗೂ ಹೋಗುವುದಿಲ್ಲ. ನೋಡಿದವರಿಗೆ ಮಾತ್ರ ಮದುವೆಮನೆಯ ಬಾಗಿಲಿನಂತೆ ಕಾಣುತ್ತದೆ.

ಮಾರ್ಚ್ 12, ಬುಧವಾರ

ನೋವು ಐದು. ಐವತ್ತು ಡಿಗ್ರಿ.

ಎಡಗಾಲು ಹುಟ್ಟಿದ್ದು ಕ್ಲಚ್ಚಿಗೆ. ಅದಕ್ಕೆ ಒಂದೇ ಭಾಷೆ ಗೊತ್ತು: ಪೂರ್ತಿ ಒತ್ತು. ಬ್ರೇಕಿನ ಮೇಲಿಟ್ಟರೆ ಕಾರು ಬುಗುರಿಯಾಗುತ್ತದೆ. ಉಳಿದ ಕಾರುಗಳು ಬಂದು ಗುದ್ದುತ್ತವೆ. ಒಬ್ಬನಾದರೂ ಇಂಡಿಕೇಟರ್ ಹಾಕಲಿ! ನಾನು ಅಂಚಿಗೆ ಸರಿದು ದಾರಿ ಬಿಟ್ಟರೆ, ಮುಂದೆ ಹೋಗುವವನು ಕೃತಜ್ಞತೆಗೊಂದು ಹಾರ್ನ್ ಕೂಡ ಹೊಡೆಯುವುದಿಲ್ಲ. ಒಂದು ಸುತ್ತಿಗೆ ಒಂಬತ್ತು ನಿಮಿಷ ತೆಗೆದುಕೊಂಡೆ. ಪರದೆಯ ಮೇಲೆ "ಹದಿನಾರನೇ ಸ್ಥಾನ" ಎಂದು ಬಂತು. ಇದ್ದದ್ದು ಹದಿನಾರು ಕಾರು.

ಮಾರ್ಚ್ 14, ಶುಕ್ರವಾರ

ಇವತ್ತು ಹೊಸ ವ್ಯವಸ್ಥೆ. ಪೆಡಲುಗಳನ್ನು ಪಕ್ಕದ ಕುರ್ಚಿಯ ಕೆಳಗೆ ಸರಿಸಿ ಗೋಡೆಗೆ ಒತ್ತಿಟ್ಟೆವು. ಸ್ಟಿಯರಿಂಗ್ ನನ್ನದು, ಬ್ರೇಕು ಆಕ್ಸಿಲರೇಟರು ಇವಳದು. ನಾನು ಹೇಳಿದಾಗ ಒತ್ತಬೇಕು, ಬಿಡು ಎಂದಾಗ ಬಿಡಬೇಕು. ಬೇರೆ ಬುದ್ಧಿ ಉಪಯೋಗಿಸುವ ಅಗತ್ಯವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

"ಬ್ರೇಕ್! ಬ್ರೇಕ್! ಸಾಕು! ಆಕ್ಸಿಲರೇಟರ್! ಅಯ್ಯೋ ಅಷ್ಟಲ್ಲ! ಬಿಡು! ಬಿಡು ಅಂದ್ನಲ್ಲ!"

"ರೀ, ಯಾವ್ದನ್ನ ಬಿಡ್ಲಿ?"

ಅಷ್ಟರಲ್ಲಿ ಮರ ಬಂದಿತ್ತು.

ನಾಲ್ಕು ಸುತ್ತಿನ ಬಳಿಕ ಗಂಟಲು ಕಟ್ಟಿತು. ಇವಳು ಎದ್ದು ಕಾಲರ್ ಹೊಲಿಯಲು ಹೋದಳು. ಇವಳಿಗೆ ವಾಹನದ ಪ್ರಜ್ಞೆ ಇಲ್ಲ. ನನಗೆ ಇಪ್ಪತ್ತಾರು ವರ್ಷದಿಂದ ಗೊತ್ತಿರುವ ಸಂಗತಿ.

ಮಾರ್ಚ್ 19, ಬುಧವಾರ

ನೋವು ಐದು. ಅರವತ್ತು ಡಿಗ್ರಿ.

ಗಂಟಲು ಇನ್ನೂ ಸರಿಯಿಲ್ಲ, ಧ್ವನಿ ಹೊರಡುತ್ತಿಲ್ಲ. ಹಾಗಾಗಿ ಇವತ್ತು ಏನೂ ಹೇಳಲಾಗಲಿಲ್ಲ. ವಿಚಿತ್ರವೆಂದರೆ ಹದಿನಾಲ್ಕೂ ತಿರುವು ದಾಟಿದೆವು. ಮೂರು ನಿಮಿಷ ಐವತ್ತು ಸೆಕೆಂಡ್.

ತಿರುವಿಗೆ ಮೊದಲೇ ಬ್ರೇಕ್ ಹಾಕುವುದು ಯಾರು ಹೇಳಿಕೊಟ್ಟರು ಎಂದು ಚೀಟಿಯಲ್ಲಿ ಬರೆದು ಕೇಳಿದೆ.

"ಶರ್ಟಿಗೆ ತೋಳು ಕೂರಿಸೋವಾಗ ಹಾಗೇ ಅಲ್ವಾ? ತಿರುವು ಬರೋಕ್ಕಿಂತ ಮುಂಚೆ ಮೋಟಾರಿನ ಪೆಡಲ್ ನಿಧಾನ ಮಾಡ್ತೀನಿ. ತಿರುವಿನೊಳಗೆ ಹೋಗಿ ಮಾಡಿದ್ರೆ ಬಟ್ಟೆ ಸುಕ್ಕಾಗುತ್ತೆ. ಅರ್ಧ ದಾಟಿದ ಮೇಲೆ ಮೆಲ್ಲಗೆ ಜೋರು."

ಇದನ್ನೇ ನಾನು ಮೂವತ್ತೊಂದು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ ಅಷ್ಟೆ.

ಮಾರ್ಚ್ 25, ಮಂಗಳವಾರ

ನೋವು ನಾಲ್ಕು. ಎಪ್ಪತ್ತು.

ಫಿಸಿಯೋ ಬಂದಿದ್ದರು. ಐದು ಶೂ ಹಾಕಿಕೊಂಡ ಕುರ್ಚಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಮಂಡಿ ಒತ್ತುವಾಗ ನೋವು ಮರೆಯಲು ನನ್ನ ಪ್ರಸಿದ್ಧ ಕಥೆ ಹೇಳಿದೆ. ಪ್ರತಿ ಹೊಸ ಬ್ಯಾಚಿಗೂ ಹೇಳುವ ಕಥೆ ಅದು. ಮದುವೆಯಾದ ಹೊಸದರಲ್ಲಿ ಇವಳಿಗೆ ಕಾರು ಕಲಿಸಲು ಕರೆದುಕೊಂಡು ಹೋಗಿದ್ದೆ. ನಾಲ್ಕು ರಸ್ತೆ ಕೂಡುವ ವೃತ್ತದ ನಡುವೆ ಕಾರು ನಿಲ್ಲಿಸಿ, ಬಾಗಿಲು ತೆಗೆದು, ಇಳಿದು ಮನೆಗೆ ನಡೆದೇ ಹೋದಳು. ಹಿಂದೆ ಹಾರ್ನೋ ಹಾರ್ನು. ಕೇಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ.

ಫಿಸಿಯೋ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇವಳ ಕಡೆ ತಿರುಗಿ, "ಯಾಕಮ್ಮ ಇಳಿದ್ರಿ?" ಎಂದು ಕೇಳಿದರು.

ಇವಳು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಸ್ಕೂಲಿನ ಕಾರಲ್ವಾ, ಇವರ ಕಾಲಡೀನೂ ಒಂದು ಬ್ರೇಕ್ ಇತ್ತು. ನಾಲ್ಕು ನಿಮಿಷಕ್ಕೆ ಹದಿನೇಳು ಸಲ ಒತ್ತಿದ್ರು. ನಾನು ಒಂದೂ ಒತ್ತಲಿಲ್ಲ, ಒತ್ತೋಕೆ ಬಿಡ್ಲಿಲ್ಲ. ವೃತ್ತಕ್ಕೆ ಬಂದಾಗ ಅನ್ನಿಸ್ತು, ಕಾರು ಇವರೇ ಓಡಿಸ್ತಾ ಇದ್ದಾರಲ್ಲ, ನಾನ್ಯಾಕೆ ಇಲ್ಲಿ? ಇಳಿದೆ."

ಫಿಸಿಯೋ ಆಗ ನಕ್ಕರು. ನಕ್ಕ ರಭಸಕ್ಕೆ ಮಂಡಿಯನ್ನು ಎಪ್ಪತ್ತೈದಕ್ಕೆ ಒತ್ತಿಬಿಟ್ಟರು.

ಮಾರ್ಚ್ 26, ಬುಧವಾರ

ಹದಿನೇಳು ಎಂಬುದು ಉತ್ಪ್ರೇಕ್ಷೆ. ಹನ್ನೆರಡು ಇರಬಹುದು.

ಏಪ್ರಿಲ್ 2, ಬುಧವಾರ

ಎಂಬತ್ತು ಡಿಗ್ರಿ. ಈಗ ಊರುಗೋಲು ಹಿಡಿದು ನಾನೇ ಕ್ಲಿನಿಕ್ಕಿಗೆ ಹೋಗಿಬರುತ್ತೇನೆ, ಟ್ಯಾಕ್ಸಿಯಲ್ಲಿ. ಟ್ಯಾಕ್ಸಿಯವರು ಎರಡನೇ ಸಲ ಬರುವುದಿಲ್ಲ, ಪ್ರತಿ ದಿನ ಬೇರೆಯವರು.

ಇವತ್ತು ಬೇಗ ಮುಗಿಯಿತು. ಮನೆ ಬಾಗಿಲಿಗೆ ಬಂದರೆ ಮಿಷನ್ನಿನ ಸದ್ದಿಲ್ಲ, ಕಾರಿನ ಸದ್ದು. ಇವಳು ನನ್ನ ಕುರ್ಚಿಯಲ್ಲಿ. ಪೆಡಲ್ ಇವಳ ಕಾಲಡಿ, ಸ್ಟಿಯರಿಂಗ್ ಇವಳ ಕೈಯಲ್ಲಿ, ಕುತ್ತಿಗೆಗೆ ಅಳತೆಯ ಟೇಪು. ಹನ್ನೊಂದನೇ ತಿರುವು ಬರುತ್ತಿತ್ತು. ಅದು ಒಳಕ್ಕೆ ಮಡಚಿಕೊಳ್ಳುವ ತಿರುವು, ನಾನು ಅಲ್ಲೇ ಯಾವಾಗಲೂ ಮರ ಹುಡುಕಿಕೊಳ್ಳುವುದು. ಬ್ರೇಕ್ ಎಂದು ಕೂಗಬೇಕೆಂದು ಬಾಯಿ ತೆರೆದೆ. ಕೂಗುವಷ್ಟರಲ್ಲಿ ದಾಟಿಯಾಗಿತ್ತು.

ಎರಡು ನಿಮಿಷ ಐವತ್ತೆಂಟು. ಬಾಗಿಲಲ್ಲಿ ನಿಂತ ನನ್ನನ್ನು ಇವಳು ನೋಡಲಿಲ್ಲ. ನಾನು ಮೆಲ್ಲಗೆ ಹಿಂದೆ ಹೋಗಿ, ಊರುಗೋಲು ಜೋರಾಗಿ ಕುಟ್ಟಿಕೊಂಡು ಮತ್ತೆ ಬಂದೆ. ಅಷ್ಟರಲ್ಲಿ ಇವಳು ಗುಂಡಿ ಹಚ್ಚುತ್ತಾ ಕೂತಿದ್ದಳು.

ನನ್ನ ಅತ್ಯುತ್ತಮ ಸಮಯ ಮೂರು ನಿಮಿಷ ಒಂಬತ್ತು. ಅದೂ ಇವಳ ಕಾಲಿನ ಸಹಾಯದಿಂದ.

ಏಪ್ರಿಲ್ 3, ಗುರುವಾರ

ಸ್ಟಿಯರಿಂಗಿನ ಸೆಟ್ಟಿಂಗ್ ನೋಡಿದೆ. ರಸ್ತೆಯ ಕುಲುಕಾಟ ಕೈಗೆ ಎಷ್ಟು ಬರಬೇಕು ಎಂಬುದಕ್ಕೆ ಒಂದು ಅಳತೆ ಇದೆ. ನಲವತ್ತು ಇತ್ತು. ತೊಂಬತ್ತು ಮಾಡಿದೆ. ಹಗುರ ಸ್ಟಿಯರಿಂಗಿನಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ. ನಿಜವಾದ ಪರಿಸ್ಥಿತಿಯ ಅನುಭವವಾಗಲಿ ಎಂಬ ಉದ್ದೇಶದಿಂದ ಮಾತ್ರ ಮಾಡಿದ್ದು.

ಇವಳಿಗೆ ಹೇಳಿಲ್ಲ.

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಮರೆತು ನಾನೇ ಮೊದಲು ಕೂತೆ. ಮೂರನೇ ತಿರುವಿನಲ್ಲಿ ರಸ್ತೆಯ ಅಂಚು ಹತ್ತಿದ್ದೇ ತಡ, ಸ್ಟಿಯರಿಂಗ್ ಹೆಬ್ಬೆರಳನ್ನು ತಿರುಚಿ ಒಗೆಯಿತು. ಮೇಜು ನಡುಗಿ ಗುಂಡಿಯ ಡಬ್ಬಿ ನೆಲಕ್ಕೆ ಬಿತ್ತು. ಇವಳೂ ನಾನೂ ಒಂದು ಗಂಟೆ ಗುಂಡಿ ಹೆಕ್ಕಿದೆವು. ಹೆಕ್ಕಿದ್ದು ಇವಳು. ನಾನು ಊರುಗೋಲಿನಿಂದ ತೋರಿಸುತ್ತಿದ್ದೆ.

ಮಧ್ಯಾಹ್ನ ಇವಳು ಆಡಿದಳು. ಎರಡು ನಿಮಿಷ ಐವತ್ತೊಂದು.

"ಈಗ ಚೆನ್ನಾಗಿದೆ ರೀ. ಮೊದ್ಲು ರಸ್ತೆ ಗೊತ್ತೇ ಆಗ್ತಿರ್ಲಿಲ್ಲ. ಈಗ ಟೈರ್ ಎಲ್ಲಿದೆ ಅಂತ ಅಂಗೈಗೆ ತಿಳಿಯುತ್ತೆ. ನೀವೇನಾದ್ರೂ ಮಾಡಿದ್ರಾ?"

ನಾನು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, "ಹೂಂ, ನಿನಗೋಸ್ಕರವೇ ಸ್ವಲ್ಪ ಸರಿಮಾಡಿದೆ" ಎಂದೆ. ಥ್ಯಾಂಕ್ಸ್ ಎಂದಳು. ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡೆ. ಸಡಿಲವಾಗಿತ್ತು.

ಏಪ್ರಿಲ್ 14, ಸೋಮವಾರ

ಇವಳು ಕಲಿಕಾ ಪರವಾನಗಿ ತೆಗೆದುಕೊಂಡಿದ್ದಾಳೆ! ಕಳೆದ ವಾರವೇ! ರಸ್ತೆ ನಿಯಮದ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ. ಹೇಗೆ ಓದಿದೆ ಎಂದರೆ, "ಇಪ್ಪತ್ತಾರು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಅದನ್ನೇ ಕೇಳ್ತಾ ಇದ್ದೀನಿ" ಎಂದಳು.

ಡ್ರೈವಿಂಗ್ ಸ್ಕೂಲಿಗೂ ಸೇರಿದ್ದಾಳೆ. ಯಾವ ಸ್ಕೂಲು? ನಮ್ಮದೇ. ಯಾರ ಕೈಕೆಳಗೆ? ಹಾಫ್‌ಕ್ಲಚ್!

ಹಾಫ್‌ಕ್ಲಚ್ ನನ್ನದೇ ಹಳೆಯ ಶಿಷ್ಯೆ. ಕ್ಲಚ್ಚಿನಿಂದ ಪೂರ್ತಿ ಕಾಲು ತೆಗೆಯಲು ಅವಳಿಗೆ ಆರು ತಿಂಗಳು ಹಿಡಿಯಿತು, ಹಾಗಾಗಿ ನಾನಿಟ್ಟ ಹೆಸರು. ಈಗ ನನ್ನ ಜಾಗದಲ್ಲಿ ಅವಳೇ ಪಾಠ ಮಾಡುತ್ತಿದ್ದಾಳೆ.

"ನಾನಿಲ್ವಾ ಮನೇಲಿ? ಇನ್ನೊಂದು ತಿಂಗಳು ಕಾದಿದ್ರೆ ನಾನೇ ಕಲಿಸ್ತಿದ್ದೆ."

"ಅದಕ್ಕೇ ಈಗ್ಲೇ ಸೇರಿದ್ದು."

ಊಟ ಮಾಡಲಿಲ್ಲ. ಆಮೇಲೆ ಮಾಡಿದೆ.

ಏಪ್ರಿಲ್ 15, ಮಂಗಳವಾರ

ಹಾಫ್‌ಕ್ಲಚ್‌ಗೆ ಫೋನ್ ಮಾಡಿದೆ. ಇವಳ ವಿಷಯದಲ್ಲಿ ಗಮನಿಸಬೇಕಾದ ಹನ್ನೊಂದು ಅಂಶಗಳನ್ನು ಹೇಳಿದೆ. ತಾಳ್ಮೆಯಿಂದ ಕೇಳಿದಳು.

"ಸರ್, ನಿನ್ನೆ ಮೇಡಂ ಜೊತೆ ಹೋಗಿದ್ದೆ. ಚೆನ್ನಾಗಿ ಓಡಿಸ್ತಾರೆ. ತಿರುವಿನಲ್ಲಂತೂ ನನಗಿಂತ ಮೃದು."

"ನಿನ್ನ ಕಡೆ ಬ್ರೇಕ್ ಮೇಲೆ ಯಾವಾಗ್ಲೂ ಕಾಲಿರ್ಲಿ."

ಆ ಕಡೆ ಕಾರಿನ ಬಾಗಿಲು ಹಾಕಿದ ಸದ್ದು.

"ಸರ್, ಬೇಜಾರು ಮಾಡ್ಕೋಬೇಡಿ. ರಸ್ತೆ ಖಾಲಿ ಇದ್ರೆ ನಾನು ಎರಡೂ ಕಾಲನ್ನ ಸೀಟಿನ ಕಡೆ ಎಳ್ಕೊಂಡು ಕೂತ್ಕೋತೀನಿ. ಕಲಿಯೋರು ಓರೆಗಣ್ಣಲ್ಲಿ ನನ್ನ ಕಾಲನ್ನೇ ನೋಡ್ತಿರ್ತಾರೆ. ನಾನೂ ನಿಮ್ಮ ಕಾಲು ನೋಡ್ತಿದ್ದೆ. ಅದು ಅಲ್ಲಾಡಿದ್ರೆ ಸಾಕು, ನನ್ನ ಕಾಲು ಕ್ಲಚ್ ಮೇಲೇ ಕಲ್ಲಾಗಿಬಿಡ್ತಿತ್ತು."

ಅದೇನೂ ಸರಿಯಾದ ಬೋಧನಾ ಕ್ರಮವಲ್ಲ ಎಂದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನ್ನ ಬಲಪಾದವನ್ನು ನೋಡುತ್ತಾ ಕೂತಿದ್ದೆ. ನಲವತ್ತೆರಡು ನಂಬರ್ ಶೂ. ಸಾಮಾನ್ಯ ಕಾಲು.

ಮೇ 2, ಶುಕ್ರವಾರ

ಇವಳು ಒಂದು ಅಭ್ಯಾಸ ಹೇಳಿದ್ದಾಳೆ. ಇವಳು ಕಂಪ್ಯೂಟರಿನಲ್ಲಿ ಓಡಿಸಬೇಕು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಪೂರ್ತಿ ಒಂದು ಸುತ್ತು ಮಾತಾಡಬಾರದು. ಪರೀಕ್ಷೆಗೆ ತನಗೂ ಅಭ್ಯಾಸ, ಮುಂದಕ್ಕೆ ನನಗೂ ಅಭ್ಯಾಸ ಎನ್ನುತ್ತಾಳೆ.

ಇವತ್ತು ನಾಲ್ಕನೇ ತಿರುವಿನವರೆಗೆ ತಡೆದೆ. "ಉಸ್" ಎಂದದ್ದನ್ನೂ ಮಾತು ಎಂದು ಲೆಕ್ಕ ಹಾಕಿದಳು.

ಮೇ 6, ಮಂಗಳವಾರ

ಒಂಬತ್ತನೇ ತಿರುವು. ಬಾಯಿ ತೆರೆಯಲಿಲ್ಲ, ಮೇಜು ಹಿಡಿದುಕೊಂಡೆ. ಮೇಜು ಹಿಡಿದುಕೊಳ್ಳಬಹುದಂತೆ.

ಮೇ 11, ಭಾನುವಾರ

ಹದಿನಾಲ್ಕೂ! ಮಗಳು ಬಂದಿದ್ದಳು, ಅವಳೇ ಸಾಕ್ಷಿ. ಏಳನೇ ತಿರುವಿನ ಆಚೆ ಕಣಿವೆ ಕಾಣುತ್ತದೆ, ದೂರದಲ್ಲೊಂದು ನೀಲಿ ಕೆರೆ. ಎರಡು ತಿಂಗಳಿಂದ ಈ ರಸ್ತೆ ಸುತ್ತುತ್ತಿದ್ದೇನೆ, ಆ ಕೆರೆಯನ್ನು ನೋಡಿಯೇ ಇರಲಿಲ್ಲ. ಮಗಳು ಹೊಸದಾಗಿ ಹಾಕಿರಬೇಕು ಅಂದುಕೊಂಡು ಕೇಳಿದೆ. ಮೊದಲಿಂದಲೂ ಇತ್ತಂತೆ.

ಮೇ 20, ಮಂಗಳವಾರ

ಇವಳ ಪರೀಕ್ಷೆ. ನಾನು ಬರುವುದು ಬೇಡ ಎಂದಳು. ಹೋಗಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಊರುಗೋಲಿಲ್ಲದೆ ಮನೆಯೊಳಗೆ ನಲವತ್ತು ಸುತ್ತು ನಡೆದಿದ್ದೇನೆ. ಊರುಗೋಲು ಬಿಟ್ಟಿದ್ದೇನೆಂದು ಗೊತ್ತಾದದ್ದು ಫಿಸಿಯೋ ಫೋನ್ ಮಾಡಿ, ಈಗೇನು ಮಾಡ್ತಿದ್ದೀರಿ ಎಂದು ಕೇಳಿದಾಗ.

ಹನ್ನೊಂದೂ ಮುಕ್ಕಾಲಿಗೆ ಇವಳು ಬಂದಳು. ಚೀಲ ಕೆಳಗಿಟ್ಟು, ನೀರು ಕುಡಿದು, ಮಿಷನ್ನಿನ ಮುಂದೆ ಕೂತು ಅರ್ಧಕ್ಕೆ ಬಿಟ್ಟ ಪ್ಯಾಂಟಿನ ಹೊಲಿಗೆ ಮುಂದುವರಿಸಿದಳು. ನಾನು ಕೇಳಲಿಲ್ಲ. ಕೇಳಿದರೆ ಏನಾಗಿದ್ದರೂ ಮೊದಲು ನನ್ನ ಬಾಯಿಂದ ಒಂದು ಸಲಹೆ ಬರುತ್ತಿತ್ತು.

ಒಂದು ಕಾಲು ಮುಗಿದ ಮೇಲೆ ದಾರ ಕಡಿದು ಹೇಳಿದಳು: "ಪಾಸು."

ನೋಡಿದರೆ ಆ ಕಾಲನ್ನು ಇವಳು ತಲೆಕೆಳಗಾಗಿ ಹೊಲಿದಿದ್ದಳು. ಹೊಲಿಗೆ ಹಿಡಿದ ಮೂವತ್ತು ವರ್ಷದಲ್ಲಿ ಮೊದಲ ಸಲ. ಇಬ್ಬರೂ ಕೂತು ಹೊಲಿಗೆ ಬಿಚ್ಚಿದೆವು. ಬಿಚ್ಚುವಷ್ಟು ಹೊತ್ತೂ ನಗುತ್ತಲೇ ಇದ್ದಳು.

ಮೇ 28, ಬುಧವಾರ

ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಕೊನೆಯ ತಪಾಸಣೆ. ಇವಳೇ ನಮ್ಮ ಕಾರಿನಲ್ಲಿ ಕರೆದುಕೊಂಡು ಹೋದಳು. ಈ ಕಾರಿನಲ್ಲಿ ನಾನು ಪಕ್ಕದ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಆ ಕಡೆ ಕಾಲು ಚಾಚಲು ಇಷ್ಟೊಂದು ಜಾಗವಿದೆ ಎಂದು ಗೊತ್ತಿರಲಿಲ್ಲ.

ಆಸ್ಪತ್ರೆಯ ಮುಂದೆ ನನ್ನನ್ನು ಇಳಿಸಿ, ಕಾರು ನಿಲ್ಲಿಸಿ ಬರುತ್ತೇನೆ ಎಂದಳು. ಡಾಕ್ಟರು ಮಂಡಿ ಮಡಚಿ ನೋಡಿದರು, ಕೂರಿಸಿ ಏಳಿಸಿದರು, ಕಾಲಿನಿಂದ ತಮ್ಮ ಅಂಗೈಯನ್ನು ಜೋರಾಗಿ ಒತ್ತಿಸಿದರು. "ಬ್ರೇಕ್ ಒತ್ತೋಕೆ ಬೇಕಾದಷ್ಟು ಬಲ ಬಂದಿದೆ. ನಾಳೆಯಿಂದ್ಲೇ ಕಾರು ಓಡಿಸಿ" ಎಂದರು. ಸ್ಕೂಲಿಗೂ ಹೋಗಬಹುದಂತೆ, ಮುಂದಿನ ವಾರದಿಂದ.

ಹೊರಗೆ ಬಂದರೆ ಇವಳು ಇನ್ನೂ ಕಾರು ನಿಲ್ಲಿಸುತ್ತಿದ್ದಳು. ಎರಡು ವ್ಯಾನುಗಳ ನಡುವೆ ಒಂದು ಇಕ್ಕಟ್ಟಿನ ಜಾಗ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಆಸ್ಪತ್ರೆಯ ಕಾವಲಿನವನು ಕೈ ಬೀಸಿ ದಾರಿ ತೋರಿಸಲು ಹೊರಟ. ಅವನನ್ನು ಕರೆದು, ಸಮಯ ಎಷ್ಟಾಯಿತು ಎಂದು ಕೇಳಿ, ಆಸ್ಪತ್ರೆಗೆ ಎಷ್ಟು ಮಹಡಿ ಎಂದು ಕೇಳಿ, ಅವನಿಗೆ ಎಷ್ಟು ವರ್ಷದ ಸರ್ವಿಸ್ ಎಂದು ಕೇಳಿದೆ. ಐದನೇ ಸಲಕ್ಕೆ ಕಾರು ಒಳಗೆ ಕೂತಿತು. ಎರಡೂ ಕಡೆ ಸಮ ಅಂತರ. ಇವಳು ಇಳಿದು ಎರಡೂ ಬದಿಗೆ ಹೋಗಿ ನೋಡಿ ಬಂದಳು. ನನ್ನನ್ನು ಕಂಡ ಮೇಲೆ, ಇಷ್ಟು ಹೊತ್ತು ನಿಲ್ಲಿಸಿದ್ದನ್ನು ಈಗಲೇ ತೆಗೀಬೇಕಲ್ಲ ಎಂದು ಬೇಜಾರು ಮಾಡಿಕೊಂಡಳು. ಐದು ನಿಮಿಷ ಕೂತೇ ಹೋಗೋಣ ಎಂದೆ. ಕೂತೆವು.

"ಡಾಕ್ಟರು ಏನಂದ್ರು? ಓಡಿಸಬಹುದಂತಾ?"

"ಇನ್ನೂ ಒಂದು ತಿಂಗಳು ಬೇಡವಂತೆ."

ಯಾಕೆ ಹಾಗೆ ಹೇಳಿದೆನೋ ತಿಳಿಯದು. ಈ ಡಾಕ್ಟರುಗಳಿಗೆ ಅವಸರ ಜಾಸ್ತಿ, ಮಂಡಿಯ ವಿಷಯದಲ್ಲಿ ಎಚ್ಚರ ಒಳ್ಳೆಯದು.

"ಅಯ್ಯೋ ಪಾಪ" ಎಂದಳು ಇವಳು. ಧ್ವನಿಯಲ್ಲಿ ಪಾಪ ಅಷ್ಟೇನೂ ಇರಲಿಲ್ಲ. ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಕಾರನ್ನು ಹೊರಗೆ ತೆಗೆದಳು. ಮನೆಗೆ ಬಲಕ್ಕೆ ತಿರುಗಬೇಕಿತ್ತು. ಇವಳು ಎಡಕ್ಕೆ ತಿರುಗಿಸಿದಳು. ಅದು ಊರಾಚೆ ಸುತ್ತಿಕೊಂಡು ಬರುವ ರಸ್ತೆ, ಮುಕ್ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ.

ದಾರಿ ತಪ್ಪಿತು ಎಂದು ನಾನು ಹೇಳಲಿಲ್ಲ. ಕಿಟಕಿಯ ಗಾಜು ಇಳಿಸಿದೆ.